ತಂತ್ರಾಂಶಕ್ಕಿಂತ ಮೊದಲು ಪ್ರಶ್ನೆ: ಕಟ್ಟಡ ಮಾದರಿ ಕಲಿಸುವ ಪಾಠದ ಕ್ರಮ

ಕೆಲಸದಲ್ಲಿರುವ ಸಿವಿಲ್ ಎಂಜಿನಿಯರುಗಳಿಗೆ ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿ ರಚಿಸುವುದನ್ನು ಕಲಿಸುವ ಕೆಲವು ತರಬೇತಿ ತರಗತಿಗಳನ್ನು ವೀಕ್ಷಿಸುವ ಅವಕಾಶ ನನಗೆ ಸಿಕ್ಕಿತ್ತು. ನಾನು ಎಂಜಿನಿಯರ್ ಅಲ್ಲ, ಬೋಧನಾ ವಿಧಾನದ ಉಪನ್ಯಾಸಕ. ತರಗತಿ ಮುಗಿದ ಮೇಲೆ ಬೋಧಕರೊಂದಿಗೆ ಕೂತು ಪಾಠಯೋಜನೆ ಪರಿಷ್ಕರಿಸುವುದು ನನ್ನ ಪಾಲಿನ ಕೆಲಸ. ಅಲ್ಲಿ ಕಂಡ ಬೋಧನಾ ಸಮಸ್ಯೆ ನಮ್ಮೆಲ್ಲರದೂ ಆಗಿರುವುದರಿಂದ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ವಿಷಯದ ಪರಿಚಯ. ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್ ಎಂಬ ವಿಧಾನವನ್ನು ಚಿಕ್ಕದಾಗಿ ಬಿಐಎಂ ಎನ್ನುತ್ತಾರೆ. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಬಿಐಎಂ ಮಾದರಿಯಲ್ಲಿ ಅದು ಗೋಡೆಯೇ: ಅದರ ಉದ್ದ, ಎತ್ತರ, ದಪ್ಪ, ಸಾಮಗ್ರಿ, ಯಾವ ಅಂತಸ್ತು ಎಂಬ ಮಾಹಿತಿಯೆಲ್ಲ ಅದರೊಂದಿಗೇ ಇರುತ್ತದೆ. ಒಂದು ಕಡೆ ಬದಲಿಸಿದರೆ ಪ್ಲಾನ್, ಸೆಕ್ಷನ್, ಸಾಮಗ್ರಿಯ ಪಟ್ಟಿ ಎಲ್ಲವೂ ಬದಲಾಗುತ್ತವೆ. ಈ ಕಲ್ಪನೆಯನ್ನು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲೇ ಮಂಡಿಸಿದ್ದರು. ಬ್ರಿಟನ್ 2016ರಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಯೋಜನೆ ಇದನ್ನು ಬಳಸಿದೆ.

ದೊಡ್ಡ ಯೋಜನೆಗಳಿಗೆ ಹಣವಿದೆ, ಪರಿಣತರಿದ್ದಾರೆ. ಆದರೆ ನಮ್ಮಂಥ ದೇಶಗಳಲ್ಲಿ ಹೆಚ್ಚಿನ ಕಟ್ಟಡಗಳನ್ನು ಕಟ್ಟುವವರು ಸಣ್ಣ ಗುತ್ತಿಗೆದಾರರು. ಅವರ ಎಂಜಿನಿಯರ್ ಐದು ದಿನ ರಜೆ ಹೊಂದಿಸಿಕೊಂಡು ತರಬೇತಿಗೆ ಬರುತ್ತಾನೆ. ನಾನು ವೀಕ್ಷಿಸಿದ ತರಗತಿಗಳಲ್ಲಿ ಆ ಐದು ದಿನಗಳೂ ಬಹುಮಟ್ಟಿಗೆ ಒಂದು ತಂತ್ರಾಂಶದ ಮೆನುಗಳಲ್ಲೇ ಕಳೆಯುತ್ತಿದ್ದವು. ಕೊನೆಯ ದಿನ ಎಲ್ಲರ ಪರದೆಯ ಮೇಲೂ ಒಂದೇ ಬಗೆಯ ಸುಂದರ ಮನೆ ಇರುತ್ತಿತ್ತು. ಕಚೇರಿಗೆ ಮರಳಿದ ಮೇಲೆ ಅಲ್ಲಿ ಆ ತಂತ್ರಾಂಶದ ಪರವಾನಗಿ ಇಲ್ಲದಿದ್ದರೆ ಕಲಿತದ್ದು ಬಹುಬೇಗ ಮರೆತುಹೋಗುತ್ತದೆ. ಹಾಗಾಗಿ ನಾವು ಪಾಠದ ಕ್ರಮವನ್ನೇ ತಿರುಗಿಸಿದೆವು. ನಾಲ್ಕು ಹಂತಗಳು ಹೀಗಿವೆ.

ಮೊದಲನೆಯದು, ಪೂರ್ವಜ್ಞಾನದಿಂದ ಆರಂಭ. ಕಂಪ್ಯೂಟರ್ ಹಚ್ಚುವ ಮೊದಲು ಒಂದು ಗೋಡೆಯ ಲೆಕ್ಕವನ್ನು ಕಾಗದದ ಮೇಲೆ ಮಾಡಿಸುತ್ತೇವೆ. ಗೋಡೆ 4 ಮೀಟರ್ ಉದ್ದ, 3 ಮೀಟರ್ ಎತ್ತರ, 0.2 ಮೀಟರ್ ದಪ್ಪ; ಅದರಲ್ಲಿ 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು. ಲಿಂಟಲ್ ಬಿಟ್ಟು ಲೆಕ್ಕ ಹಾಕಿದರೆ 1.98 ಘನ ಮೀಟರ್. ಘನ ಮೀಟರಿಗೆ 500 ಮಾಡ್ಯುಲರ್ ಇಟ್ಟಿಗೆಯಂತೆ 990 ಇಟ್ಟಿಗೆ. ‘ಮನೆಯವರು ಬಾಗಿಲನ್ನು 1.2 ಮೀಟರ್ ಅಗಲ ಮಾಡಿ ಎಂದರು’ ಎಂದು ಹೇಳಿ ಮತ್ತೆ ಲೆಕ್ಕ ಮಾಡಿಸುತ್ತೇವೆ: 948. ಅದಾದ ಮೇಲೆ ಅದೇ ಗೋಡೆಯನ್ನು ಪರದೆಯ ಮೇಲೆ ಎಬ್ಬಿಸಿ, ಬಾಗಿಲನ್ನು ಅಗಲ ಮಾಡಿ, ಪಟ್ಟಿಯಲ್ಲಿ ಘನ ಅಳತೆ ತಾನಾಗಿ ಇಳಿಯುವುದನ್ನು ತೋರಿಸುತ್ತೇವೆ. ಕೈಲೆಕ್ಕ ಮಾಡಿದವನಿಗೆ ಮಾದರಿ ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ; ಅದು ತಪ್ಪು ಅಂಕಿ ಕೊಟ್ಟರೆ ಹಿಡಿಯಲೂ ಬರುತ್ತದೆ.

ಎರಡನೆಯದು, ಸಮಸ್ಯೆಯೊಂದನ್ನು ಮುಂದಿಡುವುದು. ಶೌಚಾಲಯದ ಪೈಪು ಕಾಂಕ್ರೀಟ್ ಬೀಮಿನ ನಡುವೆಯೇ ಹಾದುಹೋಗುವಂತಿರುವ ಎರಡು ನಕ್ಷೆಗಳನ್ನು ಕೊಡುತ್ತೇವೆ. ಸ್ಟ್ರಕ್ಚರಲ್ ನಕ್ಷೆ ಬೇರೆ, ಪ್ಲಂಬಿಂಗ್ ನಕ್ಷೆ ಬೇರೆ ಇರುವಾಗ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸೈಟಿನಲ್ಲಿ ತಿಳಿಯುವ ಹೊತ್ತಿಗೆ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ. ಆಗ ಬೀಮ್ ಕೊರೆದರೆ ಒಳಗಿನ ಕಂಬಿ, ರಿಂಗುಗಳು ತುಂಡಾಗಿ ಅದರ ಬಲ ಕುಗ್ಗಬಹುದು. ಎರಡೂ ಮಾದರಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಈ ಘರ್ಷಣೆ ಮೊದಲೇ ಕಾಣುತ್ತದೆ. ‘ಇದನ್ನು ಹೇಗೆ ಹುಡುಕುವುದು?’ ಎಂದು ಕಲಿಯುವವರೇ ಕೇಳಿದ ಮೇಲೆ ಆಜ್ಞೆಯನ್ನು ಕಲಿಸುತ್ತೇವೆ.

ಮೂರನೆಯದು, ಪಾತ್ರ ಹಂಚಿಕೆ. ಒಂದು ಗುಂಪಿನಲ್ಲಿ ಒಬ್ಬರು ವಾಸ್ತುಶಿಲ್ಪಿ, ಒಬ್ಬರು ಸ್ಟ್ರಕ್ಚರಲ್ ಎಂಜಿನಿಯರ್, ಒಬ್ಬರು ಪ್ಲಂಬಿಂಗ್ ನೋಡಿಕೊಳ್ಳುವವರು, ಒಬ್ಬರು ಎಸ್ಟಿಮೇಟ್ ಹಾಕುವವರು. ಪೈಪು ಸರಿಯಬೇಕೋ, ಬೀಮಿನ ವಿನ್ಯಾಸವೇ ಬದಲಾಗಬೇಕೋ? ಅದನ್ನು ತಂತ್ರಾಂಶ ನಿರ್ಧರಿಸುವುದಿಲ್ಲ, ಮಾತುಕತೆಯಲ್ಲಿ ನಿರ್ಧಾರವಾಗಬೇಕು. 2018ರಲ್ಲಿ ಮೊದಲ ಭಾಗಗಳು ಹೊರಬಂದ ಐಎಸ್‌ಒ 19650 ಮಾನದಂಡದ ತಿರುಳೂ ಇದೇ: ಯಾರು, ಯಾವ ಮಾಹಿತಿಯನ್ನು, ಯಾವಾಗ, ಯಾರಿಗೆ ಕೊಡಬೇಕು.

ನಾಲ್ಕನೆಯದು, ಕಲಿತದ್ದು ಕಚೇರಿಗೂ ಸೈಟಿಗೂ ಹೋಗುವಂತೆ ನೋಡುವುದು. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಆದ್ದರಿಂದ ಐಎಫ್‌ಸಿ ಎಂಬ ಮುಕ್ತ ಕಡತ ರೂಪವನ್ನೂ ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶವನ್ನೂ ಪರಿಚಯಿಸುತ್ತೇವೆ. ಕೊನೆಯ ಚಟುವಟಿಕೆಯಲ್ಲಿ, ಮಾದರಿಯಿಂದ ಒಂದೇ ಹಾಳೆಯ ಚಿತ್ರ ತೆಗೆದು, ಸ್ಲೀವ್ ಎಲ್ಲಿ ಇಡಬೇಕೆಂದು ಮೇಸ್ತ್ರಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಬೇಕು. ಗುಂಪಿನ ಒಬ್ಬರು ಮೇಸ್ತ್ರಿಯಾಗಿ ಮರುಪ್ರಶ್ನೆ ಹಾಕುತ್ತಾರೆ.

ಮೌಲ್ಯಮಾಪನವೂ ಇದಕ್ಕೆ ಹೊಂದಬೇಕು. ಚಿತ್ರದ ಅಂದಕ್ಕೆ ನಾವು ಅಂಕ ಇಟ್ಟಿಲ್ಲ. ಘರ್ಷಣೆ ಗುರುತಿಸಿದರೇ, ಪರಿಹಾರಕ್ಕೆ ಕಾರಣ ಕೊಟ್ಟರೇ, ಬದಲಾವಣೆಯನ್ನು ಉಳಿದವರಿಗೆ ತಿಳಿಸಿದರೇ ಎಂಬ ಮೂರು ಅಂಶಗಳನ್ನು ನೋಡುತ್ತೇವೆ. ಈ ಕ್ರಮದಲ್ಲಿ ಒಂದು ನಷ್ಟವಿದೆ: ಐದು ದಿನಗಳಲ್ಲಿ ಕಲಿಸುವ ಆಜ್ಞೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಹೆಚ್ಚು ಮೆನು ಕಲಿಯಲು ಬಂದವರು ಮೊದಲೆರಡು ದಿನ ಗೊಣಗುವುದೂ ಉಂಟು. ಆದರೂ ಆಜ್ಞೆಗಳನ್ನು ಮುಂದೆ ಕೈಪಿಡಿ ನೋಡಿ ಕಲಿಯಬಹುದು. ಯಾವಾಗ, ಯಾತಕ್ಕೆ ಎಂಬುದನ್ನು ಕಲಿಸಲು ಬೋಧಕನೇ ಬೇಕು.

ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ಜಿಯೋಜೀಬ್ರಾ ಅಥವಾ ಸ್ಪ್ರೆಡ್‌ಶೀಟ್ ಬಳಸುವಾಗಲೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಪಾಠಯೋಜನೆಯ ಮೊದಲ ಸಾಲಿನಲ್ಲಿ ಉಪಕರಣದ ಹೆಸರಿದ್ದರೆ ಅದನ್ನು ಅಳಿಸಿ, ಆ ಜಾಗದಲ್ಲಿ ಮಕ್ಕಳು ಬಿಡಿಸಬೇಕಾದ ಪ್ರಶ್ನೆಯನ್ನು ಬರೆಯಿರಿ. ಉಪಕರಣದ ಸರದಿ ತಾನಾಗಿ ಬರುತ್ತದೆ.