ಹೆಸರು ಫೋಟೋದ ಒಳಗೇ ಇರಲಿ

ಕೊಪ್ಪಳ ಸೀಮೆಯಲ್ಲಿ ಒಂದು ಲಗ್ನ ಮುಗಿಯಿತೆಂದರೆ ಮನೆಗೆ ಮೂರು ದಾರಿಯಿಂದ ಫೋಟೋ ಬರುತ್ತವೆ. ಸ್ಟುಡಿಯೋದವರು ಪೆನ್‌ಡ್ರೈವಿನಲ್ಲಿ ಕೊಟ್ಟವು, ಮನೆಯ ಹುಡುಗರ ಫೋನಿನಲ್ಲಿ ಉಳಿದವು, ಬೀಗರ ವಾಟ್ಸ್‌ಆ್ಯಪ್ ಗುಂಪಿನಿಂದ ಸುರಿದವು. ಸಾಣಾಪುರ ಕೆರೆಯ ದಂಡೆಯಲ್ಲೋ ಆನೆಗುಂದಿಯ ಬಂಡೆಗಳ ನಡುವೆಯೋ ತೆಗೆಸಿದ ಪ್ರೀ-ವೆಡ್ಡಿಂಗ್ ಬೇರೆ. ಕರಿಜ್ಮಾ ಆಲ್ಬಂ ಕೈಗೆ ಬಂದ ಮೇಲೆ ಉಳಿದವನ್ನು ಯಾರೂ ತಿರುಗಿ ನೋಡುವುದಿಲ್ಲ. ಎರಡು ವರ್ಷ ಕಳೆದು, "ಯಲಬುರ್ಗಾದ ದೊಡ್ಡವ್ವ ಆರತಿ ಮಾಡಿದ್ ಫೋಟೋ ಎಲ್ಲೈತಿ, ತಗಿ ನೋಡೋಣು" ಎಂದು ಯಾರೋ ಕೇಳಿದಾಗ ಸಾವಿರಾರು ಚಿತ್ರಗಳನ್ನು ಬೆರಳಿನಿಂದ ಜಾರಿಸುವ ಕೆಲಸ ಶುರುವಾಗುತ್ತದೆ.

ಫೋಟೋ ಜೋಡಿಸಲು ಒಂದು ತಂತ್ರಾಂಶ ಬೇಕು ಅನ್ನಿಸುವುದು ಆಗಲೇ. ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಯಾವುದರಲ್ಲಿ ಮುಖ ಬೆಳ್ಳಗಾಗುತ್ತದೆ ಎಂಬುದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾಳೆ ಈ ತಂತ್ರಾಂಶ ನಿಂತುಹೋದರೆ, ಇದರಲ್ಲಿ ಕೂತು ನಾನು ಬರೆದ ಹೆಸರು, ಊರು, ತಾರೀಖುಗಳೆಲ್ಲ ಎಲ್ಲಿ ಹೋಗುತ್ತವೆ? ಮೊದಲು ಕೇಳಬೇಕಾದದ್ದು ಇದನ್ನು.

ತಂತ್ರಾಂಶಗಳು ನಿಲ್ಲುತ್ತವೆ. ಪಿಕಾಸಾ ನೆನಪಿರಬಹುದು. 2004ರಲ್ಲಿ ಗೂಗಲ್ ಅದನ್ನು ಕೊಂಡು ಪುಕ್ಕಟೆಯಾಗಿ ಹಂಚಿತು. ಕಂಪ್ಯೂಟರ್ ಇದ್ದ ಮನೆಗಳಲ್ಲೆಲ್ಲ ಅದಿತ್ತು, ಮುಖ ಗುರುತಿಸಿ ಹೆಸರು ಕೇಳುತ್ತಿತ್ತು. 2016ರ ಮಾರ್ಚ್‌ನಲ್ಲಿ ಗೂಗಲ್ ಅದರ ಬೆಂಬಲ ನಿಲ್ಲಿಸಿತು. ಫೋಟೋಗಳೇನೋ ಉಳಿದವು. ಆದರೆ ಮುಖಗಳಿಗೆ ಕೊಟ್ಟ ಹೆಸರುಗಳನ್ನು ಪಿಕಾಸಾ ತಾನಾಗಿ ಫೋಟೋದೊಳಗೆ ಬರೆಯುತ್ತಿರಲಿಲ್ಲ. ತನ್ನದೇ ಪ್ರತ್ಯೇಕ ಕಡತಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಕೊನೆಯ ಆವೃತ್ತಿಗಳಲ್ಲಿ ಹೆಸರನ್ನು ಫೋಟೋಕ್ಕೇ ಸೇರಿಸುವ ಒಂದು ಆಯ್ಕೆ ಇತ್ತು. ಅದನ್ನು ಹುಡುಕಿ ಒತ್ತದವರ ಹೆಸರುಗಳು ಹೊಸ ಕಂಪ್ಯೂಟರಿಗೆ ಬರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಚೀಲದಲ್ಲಿ ಯಾವ ಅಕ್ಕಿ ಇದೆ ಎಂಬುದು ಚೀಲದ ಬಾಯಿಗೆ ಹೊಲಿದ ಚೀಟಿಯಲ್ಲೂ ಇರಬಹುದು, ಗುಮಾಸ್ತನ ಖಾತೆ ಪುಸ್ತಕದಲ್ಲೂ ಇರಬಹುದು. ಪುಸ್ತಕದಲ್ಲಿ ಮಾತ್ರ ಇದ್ದರೆ, ಲಾರಿ ಹತ್ತಿದ ಚೀಲಕ್ಕೆ ಹೆಸರಿಲ್ಲ.

ಡಿಜಿಟಲ್ ಫೋಟೋದಲ್ಲಿ ಇಂಥ ಚೀಟಿಗೆ ಜಾಗ ಮೊದಲಿನಿಂದಲೂ ಇದೆ. ಕ್ಯಾಮೆರಾ ತಾನೇ ಬರೆಯುವ ಭಾಗಕ್ಕೆ ಎಕ್ಸಿಫ್ ಎನ್ನುತ್ತಾರೆ. ಜಪಾನಿನ ಕ್ಯಾಮೆರಾ ಉದ್ಯಮ 1990ರ ದಶಕದಲ್ಲಿ ರೂಪಿಸಿದ ಮಾದರಿ ಅದು. ತೆಗೆದ ದಿನ, ಗಂಟೆ, ಕ್ಯಾಮೆರಾದ ಮಾದರಿ, ಬೆಳಕು ಒಳಬಿಟ್ಟ ಅವಧಿ, ಜಿಪಿಎಸ್ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶ ಎಲ್ಲ ಅದರಲ್ಲಿರುತ್ತವೆ. ನಾವು ಬರೆಯುವ ಹೆಸರು, ವಿವರಣೆ, ಟ್ಯಾಗುಗಳಿಗೆ ಎಕ್ಸ್‌ಎಂಪಿ ಎಂಬ ಇನ್ನೊಂದು ಜಾಗವಿದೆ. ಅದನ್ನು 2001ರಲ್ಲಿ ಅಡೋಬಿ ತಂದಿತು, ಈಗ ಹೆಚ್ಚಿನ ತಂತ್ರಾಂಶಗಳು ಓದುತ್ತವೆ.

ಸ್ಥಳದ ಸಂಖ್ಯೆಗಳ ಬೆಲೆ ನಮ್ಮ ಜಿಲ್ಲೆಯವರಿಗೆ ಹೆಚ್ಚೇ ಗೊತ್ತಾಗಬೇಕು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯವನ್ನೇ ನೋಡಿ. 1997ರ ತನಕ ಅದು ರಾಯಚೂರು ಜಿಲ್ಲೆ, ಯಲಬುರ್ಗಾ ತಾಲೂಕು. ಆ ವರ್ಷ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ ಹೊಸ ಜಿಲ್ಲೆಯಾದಾಗ ವಿಳಾಸ ಬದಲಾಯಿತು. ಈಚೆಗೆ ಕುಕನೂರು ತಾಲೂಕಾದ ಮೇಲೆ ಮತ್ತೆ ಬದಲಾಯಿತು. ಗುಡಿ ಮಾತ್ರ ಇದ್ದಲ್ಲೇ ಇದೆ. ಫೋಟೋದಲ್ಲಿ ಅಕ್ಷಾಂಶ ರೇಖಾಂಶ ಕೂತಿದ್ದರೆ, ಯಾವ ಕಾಲದ ನಕ್ಷೆಯ ಮೇಲಾದರೂ ಚುಕ್ಕೆ ಸರಿಯಾದ ಜಾಗಕ್ಕೇ ಬೀಳುತ್ತದೆ.

ಈ ಚೀಟಿಯನ್ನು ಸದ್ದಿಲ್ಲದೆ ಕಿತ್ತುಹಾಕುವುದು ವಾಟ್ಸ್‌ಆ್ಯಪ್. ಅದರಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಚಿಕ್ಕದಾಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ವಿವರವೂ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಮುನಿರಾಬಾದ್ ಕಡೆಯಿಂದ ಹರಿದಾಡಿದ ಇಂಥ ಚಿತ್ರವೊಂದು ಈಗ ನಿಮ್ಮ ಫೋನಿನಲ್ಲಿದ್ದರೆ, ಅದು ಆ ರಾತ್ರಿಯದೋ ಹಿಂದಿನ ಯಾವುದೋ ಮಳೆಗಾಲದ್ದೋ ಎಂದು ಕಡತ ನೋಡಿ ಹೇಳಲಾಗದು. ಬೀಗರಿಂದ ಮೂಲ ಫೋಟೋ ಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ ಎನ್ನಬೇಕು. ಸ್ಥಳದ ವಿವರ ಹೋಗುವುದು ಒಮ್ಮೊಮ್ಮೆ ಒಳ್ಳೆಯದೇ, ಮನೆಯ ಅಂಗಳದಲ್ಲಿ ತೆಗೆದ ಮಗುವಿನ ಚಿತ್ರ ಊರೆಲ್ಲ ಸುತ್ತುವಾಗ ಮನೆಯ ಅಕ್ಷಾಂಶವೂ ಜೊತೆಗೆ ಸುತ್ತಬೇಕಿಲ್ಲ.

ಇನ್ನು ತಿದ್ದುವ ವಿಚಾರ. ಇಲ್ಲಿ ಬೆಂಗಳೂರಿನವರೊಬ್ಬರ ಗಣಿತವನ್ನು ಸ್ವಲ್ಪ ನೋಡಲೇಬೇಕು. ಫೋನಿನ ಕ್ಯಾಮೆರಾ 1.2 ಕೋಟಿ ಚುಕ್ಕೆಗಳ ಚಿತ್ರ ತೆಗೆಯುತ್ತದೆ ಎನ್ನೋಣ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟು ಹಿಡಿದರೂ ಒಟ್ಟು 36 ಎಂಬಿ ಆಗಬೇಕು. ಫೋನಿನಲ್ಲಿ ಕಾಣುವುದು ಸುಮಾರು 4 ಎಂಬಿ. ಉಳಿದದ್ದು ಎಲ್ಲಿ ಹೋಯಿತು?

1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಇದಕ್ಕೊಂದು ದಾರಿ ಯೋಚಿಸಿದರು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಹಣ ಕೇಳಿ ಬರೆದರು, ಸಿಗಲಿಲ್ಲ. ಹಣವಿಲ್ಲದೆಯೇ ಕೆಲಸ ಮುಗಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದರ ಹೆಸರು. 1992ರ ಜೆಪೆಗ್ ಮಾದರಿ ನಿಂತಿರುವುದು ಅದರ ಮೇಲೆ.

ಕೆಲಸ ಹೀಗೆ ನಡೆಯುತ್ತದೆ. ಚಿತ್ರವನ್ನು ಉದ್ದ 8, ಅಗಲ 8 ಚುಕ್ಕೆಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕವನ್ನೂ 64 ಅಲೆಗಳ ಬೆರಕೆಯಾಗಿ ಬರೆಯುತ್ತಾರೆ. ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ, ಮುಂದಿನವು ಹೆಚ್ಚು ಹೆಚ್ಚು ಸಣ್ಣ ಏರಿಳಿತಗಳನ್ನು ಹೇಳುತ್ತವೆ. ನಮ್ಮ ಕಣ್ಣಿಗೆ ತೀರ ಸಣ್ಣ ಏರಿಳಿತ ಅಷ್ಟಾಗಿ ಹತ್ತುವುದಿಲ್ಲ, ಹಾಗಾಗಿ ಅವುಗಳ ಪ್ರಮಾಣವನ್ನು ಒರಟಾಗಿ ಸುತ್ತುಗೊಳಿಸುತ್ತಾರೆ. ಬಹಳಷ್ಟು ಸೊನ್ನೆಯಾಗಿ ಉದುರುತ್ತವೆ. ಕುಷ್ಟಗಿಯ ಬೇಸಿಗೆಯ ಬೋಳು ಆಕಾಶದಲ್ಲಿ ಸೊನ್ನೆಗಳೇ ಹೆಚ್ಚು, ಕಡತ ಸಣ್ಣದು. ಗಂಗಾವತಿಯ ತೆನೆ ತುಂಬಿದ ಭತ್ತದ ಗದ್ದೆಯಲ್ಲಿ ಉದುರುವುದು ಕಡಿಮೆ, ಅದೇ ಫೋನಿನ ಕಡತ ದೊಡ್ಡದು. ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಇನ್ನಷ್ಟು ಕಡಿಮೆ ಮಾಡುತ್ತಾರೆ. ಇಳಕಲ್ ಸೀರೆಯ ತೋಪ್ ತೆನಿ ಸೆರಗಿನಲ್ಲಿ ಕೆಂಪಿಗೂ ಬಿಳಿಗೂ ನಡುವಿನ ಹಲ್ಲು ಹಲ್ಲಾದ ಗೆರೆ ದೂರದ ಫೋಟೋದಲ್ಲಿ ಕಲಸಿದಂತೆ ಕಾಣಲು ಅದೂ ಒಂದು ಕಾರಣ.

ಒಮ್ಮೆ ಉದುರಿದ್ದು ಮರಳಿ ಬರುವುದಿಲ್ಲ. ಜೆಪೆಗ್ ಫೋಟೋವನ್ನು ಕತ್ತರಿಸಿ ಉಳಿಸಿ, ಮರುದಿನ ಮತ್ತೆ ಅಳತೆ ಬದಲಿಸಿ ಉಳಿಸಿದರೆ ಚೌಕಗಳು ಹೊಸ ಜಾಗದಲ್ಲಿ ಬೀಳುತ್ತವೆ, ಹೊಸದಾಗಿ ಉದುರುತ್ತದೆ. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ, ಏನೇನು ತಿದ್ದಬೇಕು ಎಂಬುದನ್ನಷ್ಟೇ ಬೇರೆ ಬರೆದಿಡುವ ತಂತ್ರಾಂಶ ಮನೆಗೆ ಮೇಲು. ಡಾರ್ಕ್‌ಟೇಬಲ್ ಎಂಬ ಪುಕ್ಕಟೆ ತಂತ್ರಾಂಶ ಹಾಗೆಯೇ ಮಾಡುತ್ತದೆ, ತಿದ್ದುಪಡಿಯನ್ನು ಪಕ್ಕದ ಎಕ್ಸ್‌ಎಂಪಿ ಕಡತದಲ್ಲಿ ಇಡುತ್ತದೆ. ಚಂದಾ ಕಟ್ಟಿ ಬಳಸುವ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಕೂಡ ಮೂಲ ಮುಟ್ಟುವುದಿಲ್ಲ. ಆದರೆ ಅದು ಎಲ್ಲವನ್ನೂ ತನ್ನ ಕ್ಯಾಟಲಾಗ್‌ನಲ್ಲಿ ಇಟ್ಟುಕೊಳ್ಳುತ್ತದೆ, ಫೋಟೋದ ಜೊತೆಗೂ ಬರೆ ಎಂದು ಸೆಟ್ಟಿಂಗ್‌ನಲ್ಲಿ ಹೇಳಬೇಕು. ಸ್ಟುಡಿಯೋಗಳ ಫೋಟೋಶಾಪ್, ಅದರ ಪುಕ್ಕಟೆ ಪರ್ಯಾಯವಾದ ಗಿಂಪ್ ಒಂದೊಂದೇ ಚಿತ್ರದ ಮೇಲೆ ಕೂತು ಮಾಡುವ ಕುಸುರಿಗೆ ಸರಿ. ಹತ್ತು ಸಾವಿರ ಫೋಟೋ ಜೋಡಿಸಲು ಅಲ್ಲ.

ಒಂದು ಎಚ್ಚರ ಇಲ್ಲಿ ಬೇಕು. ಹೆಸರು, ಟ್ಯಾಗುಗಳನ್ನು ಒಂದು ತಂತ್ರಾಂಶ ಬರೆದರೆ ಇನ್ನೊಂದು ಓದುತ್ತದೆ. ತಿದ್ದುಪಡಿಯ ಸೂಚನೆಗಳನ್ನು ಹಾಗೆ ಓದುವುದು ಕಷ್ಟ, ಪ್ರತಿಯೊಂದರ ಲೆಕ್ಕಾಚಾರ ಬೇರೆ. ಚೆನ್ನಾಗಿ ತಿದ್ದಿದ ನೂರಿನ್ನೂರನ್ನು ಬೇರೆ ಜೆಪೆಗ್ ಆಗಿ ತೆಗೆದಿಡುವುದು ಅದಕ್ಕೇ.

ಕಂಪ್ಯೂಟರ್ ಇರುವ ಮನೆಗೆ ನಾನು ಸೂಚಿಸುವುದು ಡಿಜಿಕ್ಯಾಮ್. ಪುಕ್ಕಟೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ನೋಡಲು ಒರಟು, ಕಲಿಯಲು ಒಂದು ವಾರ ಬೇಕು. ಮೊದಲ ಸಲ ತೆರೆದಾಗಲೇ ವಿವರಗಳನ್ನು ಫೋಟೋ ಕಡತಗಳಿಗೇ ಬರೆಯಲೇ ಎಂದು ಕೇಳುತ್ತದೆ, ಹೌದು ಎನ್ನಿ. ಎರಡು ಕ್ಯಾಮೆರಾಗಳ ಗಡಿಯಾರ ಬೇರೆ ಬೇರೆಯಿದ್ದು ತಾಳಿ ಕಟ್ಟಿದ ಮೇಲೆ ಅರಿಶಿನ ಹಚ್ಚಿದಂತೆ ಕಾಣುತ್ತಿದ್ದರೆ, ಒಂದು ಕ್ಯಾಮೆರಾದ ಎಲ್ಲ ಚಿತ್ರಗಳ ಸಮಯವನ್ನು ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು. ಒಂದೇ ತೆರನಾದ ಚಿತ್ರಗಳನ್ನೂ ಹುಡುಕಿ ಕೊಡುತ್ತದೆ.

ಮುಖ ಗುರುತಿಸುವ ಕೆಲಸವನ್ನು ಅದು ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತದೆ, ಯಾರ ಸರ್ವರಿಗೂ ಮುಖ ಹೋಗುವುದಿಲ್ಲ. ಒಂದೊಂದು ಮುಖವನ್ನೂ ನೂರಕ್ಕೂ ಹೆಚ್ಚು ಸಂಖ್ಯೆಗಳ ಸಾಲಾಗಿ ಬದಲಿಸಿ, ಸಂಖ್ಯೆಗಳು ಹತ್ತಿರವಿದ್ದರೆ ಒಬ್ಬರೇ ಎಂದು ಊಹಿಸುತ್ತದೆ. ಬಾಸಿಂಗ ಕಟ್ಟಿ, ಮೈತುಂಬ ಅರಿಶಿನ ಹಚ್ಚಿಕೊಂಡ ಮದುಮಗನಲ್ಲಿ ಅದಕ್ಕೆ ಗೊಂದಲವಾಗಬಹುದು. ಅಕ್ಕತಂಗಿಯರನ್ನು ಒಬ್ಬರೇ ಅಂದೀತು. ಒಪ್ಪುವ ಗುಂಡಿ ಒತ್ತುವ ಮುನ್ನ ನೋಡಬೇಕು.

ಫೋನು ಮಾತ್ರ ಇರುವ ಮನೆಗಳೇ ಹೆಚ್ಚು, ಅವರಿಗೆ ಗೂಗಲ್ ಫೋಟೋಸ್ ಸಹಜ ಆಯ್ಕೆ. ಹುಡುಕಾಟದಲ್ಲಿ ಅದು ಡಿಜಿಕ್ಯಾಮ್‌ಗಿಂತ ಎಷ್ಟೋ ಜಾಣ. 2021ರ ಜೂನ್‌ನಿಂದ ಅಳತೆಯಿಲ್ಲದ ಪುಕ್ಕಟೆ ಜಾಗ ನಿಂತಿದೆ. ಈಗ ಸಿಗುವುದು ಜಿಮೇಲ್ ಸೇರಿ 15 ಜಿಬಿ, ಎಂದರೆ 4 ಎಂಬಿಯ ಲೆಕ್ಕದಲ್ಲಿ ನಾಲ್ಕು ಸಾವಿರ ಫೋಟೋಕ್ಕೂ ಕಡಿಮೆ. ಟೇಕ್‌ಔಟ್ ಮೂಲಕ ಎಲ್ಲವನ್ನೂ ಹೊರತರಬಹುದು. ಆದರೆ ಅಲ್ಲಿ ಕೂತು ಬರೆದ ವಿವರಣೆ, ತಿದ್ದಿದ ತಾರೀಖು ಜೇಸನ್ ಎಂಬ ಬೇರೆ ಕಡತಗಳಲ್ಲಿ ಬರುತ್ತವೆ. ಮತ್ತೆ ಖಾತೆ ಪುಸ್ತಕವೇ.

ಟ್ಯಾಗನ್ನು ಕನ್ನಡದಲ್ಲೇ ಬರೆಯಬಹುದು, ಯುನಿಕೋಡ್ ಆಗಿದ್ದರೆ ಸಾಕು. ಸ್ಟುಡಿಯೋಗಳಲ್ಲಿ ಆಲ್ಬಂ ಮೇಲೆ ಹೆಸರು ಬರೆಯುವ ಹಳೆಯ ನುಡಿ ಅಕ್ಷರಗಳು ಇಲ್ಲಿ ನಡೆಯವು, ಫಾಂಟು ಕಳಚಿದ ಕೂಡಲೇ ಅವು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯಲಬುರ್ಗಾ, ಯಲಬುರ್ಗಿ, ಯಲಬುರ್ಗ ಮೂರನ್ನೂ ತಂತ್ರಾಂಶ ಮೂರು ಊರೆಂದೇ ತಿಳಿಯುತ್ತದೆ, ಒಂದನ್ನು ಹಿಡಿಯಿರಿ.

ಅಟ್ಟದ ಮೇಲಿನ ಕಪ್ಪು ಬಿಳುಪು ಫೋಟೋಗಳನ್ನು ಸ್ಕ್ಯಾನ್ ಮಾಡಿದರೆ ಸ್ಕ್ಯಾನ್ ಮಾಡಿದ ದಿನವೇ ಅವುಗಳ ತಾರೀಖಾಗುತ್ತದೆ, ಅಂದಾಜು ವರ್ಷವನ್ನಾದರೂ ತಿದ್ದಿ ಹಾಕಬೇಕು. ಬೆನ್ನನ್ನೂ ಸ್ಕ್ಯಾನ್ ಮಾಡಿ. ಕೊಪ್ಪಳ ಸೀಮೆಯ ಸ್ಟುಡಿಯೋದ ಮುದ್ರೆಯಲ್ಲಿ 'ಜಿ. ರಾಯಚೂರು' ಎಂದಿದ್ದರೆ ಆ ಮುದ್ರೆ 1997ಕ್ಕೆ ಹಿಂದಿನದು ಎಂದು ಬಹುಮಟ್ಟಿಗೆ ಹೇಳಬಹುದು.

ಯಾವ ತಂತ್ರಾಂಶವನ್ನೇ ಆರಿಸಿ, ಸಾವಿರಾರು ಫೋಟೋ ತುಂಬುವ ಮುನ್ನ ಹತ್ತು ಫೋಟೋಗಳಲ್ಲಿ ಪರೀಕ್ಷೆ ಮಾಡಿ. ಅವಕ್ಕೆ ಹೆಸರು, ಊರಿನ ಟ್ಯಾಗ್ ಹಾಕಿ, ಪೆನ್‌ಡ್ರೈವಿಗೆ ನಕಲಿಸಿ, ಆ ತಂತ್ರಾಂಶ ಇಲ್ಲದ ಬೇರೆ ಕಂಪ್ಯೂಟರಿಗೆ ಹಾಕಿ. ವಿಂಡೋಸ್‌ನಲ್ಲಿ ಫೋಟೋದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ತೆರೆಯಿರಿ. ಟ್ಯಾಗ್ಸ್ ಎಂಬಲ್ಲಿ 'ದೊಡ್ಡವ್ವ, ಯಲಬುರ್ಗಾ' ಎಂದು ಕಂಡರೆ ಉಳಿದವನ್ನು ತುಂಬಲು ಶುರುಮಾಡಿ. ಖಾಲಿಯಿದ್ದರೆ ಸೆಟ್ಟಿಂಗ್ ಹುಡುಕಿ, ಅದೂ ಇಲ್ಲದಿದ್ದರೆ ಬೇರೆ ತಂತ್ರಾಂಶ ನೋಡಿ.