ಡಾಕ್ಟರ್ ಓದುವವರೂ ಲಸಿಕೆಯೂ: ತಪ್ಪು ಕಲ್ಪನೆ ಮತ್ತು ಸತ್ಯ

ಡಾಕ್ಟರ್, ನರ್ಸ್ ಆಗಲು ಓದುತ್ತಿರುವವರೇ ಕೋವಿಡ್ ಲಸಿಕೆಗೆ ಹಿಂದೇಟು ಹಾಕಿದರೆ ಅದರಲ್ಲಿ ಏನೋ ಐಬು ಇದ್ದೀತು ಎಂಬುದು ಸುಲಭವಾಗಿ ಹುಟ್ಟುವ ನಂಬಿಕೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಅದಕ್ಕೆ ತೂಕ ಹೆಚ್ಚು. 2021ರ ಆರಂಭದಲ್ಲಿ ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ತರಗತಿಗಳು ಇನ್ನೂ ಶುರುವಾಗಿರಲಿಲ್ಲ; ಎಂಬಿಬಿಎಸ್‌ಗೆಂದು ಹುಬ್ಬಳ್ಳಿಗೋ ದಾವಣಗೆರೆಗೋ ಹೋದ ಓಣಿಯ ಹುಡುಗನ ಮಾತೇ ಮನೆಯವರಿಗೆ ಪ್ರಮಾಣ.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. ದೇಶದ 1,068 ವೈದ್ಯಕೀಯ ವಿದ್ಯಾರ್ಥಿಗಳನ್ನು ಒಳಗೊಂಡ, 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಿಂಜರಿದವರು ಶೇ 10.6 ಮಾತ್ರ. ಅವರಲ್ಲಿದ್ದದ್ದು ಲಸಿಕೆಯ ಸುರಕ್ಷತೆಯ ಅನುಮಾನ, ಮಾಹಿತಿಯ ಕೊರತೆ, ಸರ್ಕಾರಿ ಸಂಸ್ಥೆಗಳ ಮೇಲಿನ ಅಪನಂಬಿಕೆ.

ಆ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. 2021ರ ಜನವರಿ 3ರಂದು ಕೋವಿಶೀಲ್ಡ್ ಜೊತೆಗೇ ಕೋವ್ಯಾಕ್ಸಿನ್‌ಗೂ ತುರ್ತು ಅನುಮತಿ ಸಿಕ್ಕಾಗ, ಕೋವ್ಯಾಕ್ಸಿನ್‌ನ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಅದನ್ನು ‘ಕ್ಲಿನಿಕಲ್ ಟ್ರಯಲ್ ಮೋಡ್’ ಎಂಬ ಷರತ್ತಿನಡಿ ಕೊಡಲಾಯಿತು. ತೋಳು ಚಾಚುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಜನವರಿ 16ರಂದು ಅಭಿಯಾನ ಆರಂಭವಾದಾಗ ಮೊದಲ ಸರದಿಯ ಆರೋಗ್ಯ ಕಾರ್ಯಕರ್ತರ ಪಟ್ಟಿಯಲ್ಲಿ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳೂ ಇದ್ದರು. ಯಾವ ಲಸಿಕೆ ಎಂಬ ಆಯ್ಕೆ ಅವರಿಗಿರಲಿಲ್ಲ. ಔಷಧ ಪರೀಕ್ಷೆಯ ಹಂತಗಳನ್ನು ಪಾಠವಾಗಿ ಓದಿದವರು ಮೂರನೇ ಹಂತದ ಅಂಕಿ ಎಲ್ಲಿ ಎಂದು ಕೇಳುವುದು ಲಸಿಕೆ ವಿರೋಧವಲ್ಲ. ಕೇಳದಿದ್ದರೆ ಓದಿದ್ದೇ ದಂಡ. ಮಾರ್ಚ್‌ನಲ್ಲಿ ಮಧ್ಯಂತರ ಫಲಿತಾಂಶ ಬಂತು, ಟ್ರಯಲ್ ಷರತ್ತೂ ಅದೇ ತಿಂಗಳು ತೆರವಾಯಿತು.

ಎರಡು ಡೋಸ್ ಆದರೆ ಸೋಂಕು ಹತ್ತಿರ ಸುಳಿಯದು ಎಂಬುದು ಇನ್ನೊಂದು ತಪ್ಪು ಕಲ್ಪನೆ. 2021ರ ನವೆಂಬರ್‌ನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಸಮಾರಂಭವೊಂದರ ಬಳಿಕ ಮೊದಲು 66 ಮಂದಿಗೆ, ಕೆಲವೇ ದಿನಗಳಲ್ಲಿ 280ಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತು. ಬಹುತೇಕರಿಗೆ ಎರಡೂ ಡೋಸ್ ಆಗಿತ್ತು. ಲಸಿಕೆ ಸೋತಿತು ಎನ್ನುವವರಿಗೆ ಸಿಕ್ಕಿದ್ದು ಅರ್ಧ ಸುದ್ದಿ: ಹೆಚ್ಚಿನವರಲ್ಲಿ ಲಕ್ಷಣವೇ ಇರಲಿಲ್ಲ, ಇದ್ದರೂ ಸೌಮ್ಯ. (ಅವರ ಎಳೆಯ ವಯಸ್ಸಿಗೂ ಇದರಲ್ಲಿ ಪಾಲಿದೆ.) ಸೋಂಕು ಮೂಗಿನಲ್ಲೇ ತಡೆಯುವ ಪ್ರತಿಕಾಯಗಳು ತಿಂಗಳುಗಳಲ್ಲಿ ಇಳಿಯುತ್ತವೆ, ರೋಗ ಉಲ್ಬಣಿಸದಂತೆ ನೋಡಿಕೊಳ್ಳುವ ನೆನಪಿನ ಕೋಶಗಳು ಹೆಚ್ಚು ಕಾಲ ಉಳಿಯುತ್ತವೆ.

ಲಸಿಕೆಯಿಂದಲೇ ಕೊರೊನಾ ಬಂತು ಎಂಬುದಂತೂ ಸಾಧ್ಯವೇ ಇಲ್ಲದ ಮಾತು. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಕೋವಿಶೀಲ್ಡ್‌ನಲ್ಲಿ ಕೊರೊನಾ ವೈರಸ್ಸೇ ಇಲ್ಲ, ಅದರ ಒಂದು ಪ್ರೋಟೀನಿನ ವಂಶವಾಹಿ ಹೊತ್ತ, ವೃದ್ಧಿಯಾಗಲಾರದ ಚಿಂಪಾಂಜಿ ಅಡೆನೊವೈರಸ್ ಇದೆ. ಚುಚ್ಚಿಸಿಕೊಂಡ ರಾತ್ರಿ ಬರುವ ಜ್ವರ, ಮೈಕೈ ನೋವು ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತದ್ದರಿಂದ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ.