ಲಿನಕ್ಸ್‌ಗೆ ಒಲಿಯದ ವೈಫೈ

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರು ಮೊದಲು ಎಡವುವುದು ವೈಫೈನಲ್ಲಿ. ಪರದೆ, ಕೀಬೋರ್ಡ್, ಸ್ಪೀಕರ್ ಎಲ್ಲವೂ ತಾವಾಗಿಯೇ ಹೊಂದಿಕೊಳ್ಳುತ್ತವೆ; ನೆಟ್‌ವರ್ಕ್‌ಗಳ ಪಟ್ಟಿ ಮಾತ್ರ ಖಾಲಿ. ಲಿನಕ್ಸ್ ಸರಿಯಿಲ್ಲವೆಂದು ಅಲ್ಲಿಗೇ ಕೈಬಿಡುವವರುಂಟು. ಈ ತೊಡಕಿನ ಬೇರು ಎಷ್ಟೋ ಸಲ ಇರುವುದು ಚಿಪ್ ತಯಾರಕರು ಬಿಟ್ಟುಕೊಡದ ಮಾಹಿತಿಯಲ್ಲಿ.

ಬ್ರಾಡ್‌ಕಾಮ್ ಚಿಪ್‌ಗಳ ಚರಿತ್ರೆಯನ್ನೇ ನೋಡಬಹುದು. 2000ರ ದಶಕದಲ್ಲಿ ಡೆಲ್, ಎಚ್‌ಪಿ, ಆಪಲ್ ಕಂಪನಿಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇವು ಇದ್ದವು. ಲಿನಕ್ಸ್ ಬಳಕೆದಾರರಿಗೆ ಮುಕ್ತ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇರಲಿ, ಅದನ್ನು ಬರೆದುಕೊಳ್ಳಲು ಬೇಕಾದ ತಾಂತ್ರಿಕ ವಿವರವೂ ಸಿಗಲಿಲ್ಲ. ಅದೇ ಕಾಲದಲ್ಲಿ ಲಿಂಕ್‌ಸಿಸ್‌ನ ಹೆಸರಾಂತ ಡಬ್ಲ್ಯುಆರ್‌ಟಿ54ಜಿ ರೂಟರ್ ಓಡುತ್ತಿದ್ದದ್ದು ಲಿನಕ್ಸ್‌ನಲ್ಲೇ, ಅದರೊಳಗಿದ್ದದ್ದು ಬ್ರಾಡ್‌ಕಾಮ್ ಚಿಪ್ಪೇ! 2003ರಲ್ಲಿ ಆ ರೂಟರ್‌ನ ಸೋರ್ಸ್ ಕೋಡ್ ಹೊರಬಂದಾಗಲೂ ವೈಫೈ ಡ್ರೈವರ್ ಮಾತ್ರ ಮುಚ್ಚಿದ ಕಡತವಾಗಿಯೇ ಉಳಿಯಿತು.

ಸ್ವಯಂಸೇವಕರು ಸುಮ್ಮನೆ ಕೂರಲಿಲ್ಲ. ಒಂದು ತಂಡ ಆ ಮುಚ್ಚಿದ ಡ್ರೈವರನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿ ಚಿಪ್‌ನ ನಡವಳಿಕೆಯನ್ನು ಬರಹಕ್ಕಿಳಿಸಿತು. ಆ ಡ್ರೈವರನ್ನು ಕಣ್ಣಲ್ಲೂ ನೋಡದ ಇನ್ನೊಂದು ತಂಡ, ಬರಹವನ್ನಷ್ಟೇ ಆಧರಿಸಿ ಹೊಸ ಕೋಡ್ ಬರೆಯಿತು. ಕೃತಿಸ್ವಾಮ್ಯದ ತಕರಾರು ಬರದಿರಲೆಂದು ಈ ಎಚ್ಚರ. 2006ರ ಜೂನ್‌ನಲ್ಲಿ ಬಂದ ಲಿನಕ್ಸ್ 2.6.17ರಲ್ಲಿ ಈ ಹೊಸ ಡ್ರೈವರ್ ಸೇರಿತು. ಅದರ ಮುಂದಿನ ರೂಪವೇ ಇಂದಿನ ಬಿ43. ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಇಷ್ಟು ತಾಳ್ಮೆಯ ಕೆಲಸಗಳು ವಿರಳ.

ಆದರೂ ಒಂದು ಗಂಟು ಉಳಿಯಿತು: ಫರ್ಮ್‌ವೇರ್. ವೈಫೈ ಚಿಪ್‌ನೊಳಗೆ ಅದರದೇ ಪುಟ್ಟ ಪ್ರೊಸೆಸರ್ ಇರುತ್ತದೆ. ಅದು ನಡೆಸುವ ಪ್ರೋಗ್ರಾಮನ್ನು ಪ್ರತಿ ಸಲವೂ ಡ್ರೈವರ್ ತುಂಬಿಕೊಡಬೇಕು. ಬಿ43ಗೆ ಬೇಕಾದ ಫರ್ಮ್‌ವೇರನ್ನು ಹಂಚಲು ಅನುಮತಿಯಿಲ್ಲದ್ದರಿಂದ ಬಳಕೆದಾರರೇ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಇಲ್ಲದೆ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ದಾರಿ ತೆರೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಿಲ್ಲ.

ದುರಸ್ತಿಗೆ ಕೂರುವವರು ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರನ್ನು ನೆಚ್ಚಬಾರದು. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಾರ್ಡ್‌ಗಳಿರಬಹುದು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಕೊಟ್ಟರೆ ಚಿಪ್‌ನ ಗುರುತುಸಂಖ್ಯೆ ಮತ್ತು ಅದಕ್ಕೆ ಅಂಟಿಕೊಂಡಿರುವ ಡ್ರೈವರ್ ಎರಡೂ ಕಾಣುತ್ತವೆ. ನಂಬಬೇಕಾದದ್ದು ಆ ಸಂಖ್ಯೆಯನ್ನು. ಬ್ರಾಡ್‌ಕಾಮ್‌ನಲ್ಲಿ 14ಇ4:4312 ಎಂದಿದ್ದರೆ ಅದು 4311 ಚಿಪ್. 4312 ಚಿಪ್‌ನ ಒಂದು ಗುರುತು 14ಇ4:4315. ಇಲ್ಲಿ ತಪ್ಪಿದರೆ ಮುಂದಿನ ಹೆಜ್ಜೆಗಳೆಲ್ಲ ತಪ್ಪುತ್ತವೆ.

ಬ್ರಾಡ್‌ಕಾಮ್‌ನದೇ ಡಬ್ಲ್ಯುಎಲ್ ಎಂಬ ಮುಚ್ಚಿದ ಡ್ರೈವರ್ ಹಾಕಿಕೊಂಡರೆ ಬಿ43 ಪಕ್ಕಕ್ಕೆ ಸರಿಯಬೇಕು. ಒಂದೇ ಕಾರ್ಡಿಗೆ ಇಬ್ಬರು ಯಜಮಾನರು ಸಲ್ಲರು. ಸೆಕ್ಯೂರ್ ಬೂಟ್ ಆನ್ ಆಗಿದ್ದರೆ, ಸಹಿಯಿಲ್ಲದ ಡ್ರೈವರನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಮೆಸ್ಜಿ ಕಮಾಂಡ್ ತೋರುವ ಸಾಲುಗಳಲ್ಲಿ ಈ ನಿರಾಕರಣೆಯೂ, ಸಿಗದ ಫರ್ಮ್‌ವೇರ್‌ನ ಹೆಸರೂ ಸಾಮಾನ್ಯವಾಗಿ ದಾಖಲಾಗಿರುತ್ತವೆ. ಆರ್‌ಎಫ್‌ಕಿಲ್ ಲಿಸ್ಟ್ ಎಂದು ಕೇಳಿದಾಗ 'ಹಾರ್ಡ್ ಬ್ಲಾಕ್ಡ್' ಎದುರು 'ಯೆಸ್' ಇದ್ದರೆ ಡ್ರೈವರನ್ನು ಮುಟ್ಟುವ ಮೊದಲು ಲ್ಯಾಪ್‌ಟಾಪ್‌ನ ವೈಫೈ ಸ್ವಿಚ್ ನೋಡಬೇಕು.

ನಮ್ಮ ದೇಶದವರಿಗೆ ಇನ್ನೊಂದು ಮಾತು. ಭಾರತದಲ್ಲಿ ವೈಫೈನ 12, 13ನೇ ಚಾನೆಲ್‌ಗಳಿಗೆ ಅನುಮತಿಯಿದೆ, ಅಮೆರಿಕಕ್ಕೆಂದು ಹೊಂದಿಸಿದ ಕಾರ್ಡ್ 11ಕ್ಕೇ ನಿಲ್ಲುತ್ತದೆ. ಫೋನಿಗೆ ಕಾಣುವ ಮನೆಯ ನೆಟ್‌ವರ್ಕ್ ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ ಇದೂ ಕಾರಣವಿರಬಹುದು. ರೂಟರನ್ನು 1, 6 ಅಥವಾ 11ನೇ ಚಾನೆಲ್‌ಗೆ ಬದಲಿಸಿ ನೋಡುವುದು ಸುಲಭದ ಪರೀಕ್ಷೆ.

2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ತಾನಾಗಿಯೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಆದರೆ ಅದು ಹೊಸ ಚಿಪ್‌ಗಳಿಗೆ ಮಾತ್ರ. ಹಳೆಯವು ಬಿ43ರ ಪಾಲಿಗೇ ಉಳಿದವು. ಮುಚ್ಚಿದ ಫರ್ಮ್‌ವೇರನ್ನು ದೂರವಿಟ್ಟಿದ್ದ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಕೂಡ 2022ರಲ್ಲಿ ಮತದಾನ ನಡೆಸಿ ನಿಲುವು ಬದಲಿಸಿತು. 2023ರ ಡೆಬಿಯನ್ 12ರಿಂದ ಹಂಚಲು ಅನುಮತಿಯಿರುವ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಬರುತ್ತಿದೆ. ಬಿ43ಗೆ ಬೇಕಾದ ಫರ್ಮ್‌ವೇರ್ ಅದರಲ್ಲಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮೊದಲು ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಅದನ್ನು ಚಾಲೂ ಮಾಡಿ, ವೈಫೈ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಲಿ.